ಕಾಸಿಂಸಾಬರ ಕಾಲು, ಸಕೀನಾಳ ಕೊಡ

ನಂಬೋದು ಬಿಡೋದು ನಿಮಗೆ ಬಿಟ್ಟದ್ದು, ಆದರೆ ಇದು ಖರೇ ಕತೆ. ಸಾಕ್ಷಿಗೆ ಒಂದು ತಾಮ್ರದ ಕೊಡ ಇದೆ.

ಅಂಬೇವಾಡಿಯಲ್ಲಿ ಬೈಕ್ ರಿಪೇರಿ ಮಾಡುವ ಕಾಸಿಂಸಾಬರು ಮಳೆಗಾಲದಲ್ಲಿ ಗ್ಯಾರೇಜಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗಾಲಿನ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು, ಒಳಗೆ ರಾಡು ಹಾಕಿದರು. ಆಮೇಲೊಂದು ದಿನ ಎಕ್ಸ್‌ರೇ ನೋಡಿದ ಡಾಕ್ಟರು, "ಎಲುಬು ಚಲೋ ಕೂಡಾಕ ಹತ್ತೈತಿ. ಇನ್ನ ವಾಕರ್ ಹಿಡಕೊಂಡು ಕಾಲಿಗೆ ಭಾರ ಕೊಟ್ಟು ನಡೀರಿ. ಮಲಗೇ ಇದ್ದರ ಎಲುಬಿನ ಬಲ ಹೋಗತೈತಿ" ಅಂದರು.

ಕಾಸಿಂಸಾಬರು ಮಂಚ ಬಿಟ್ಟು ಇಳಿಯಲಿಲ್ಲ. ನಡೆದರೆ ರಾಡು ಮುರಿಯುತ್ತದೆ, ಮುರಿದರೆ ಮತ್ತೊಂದು ಆಪರೇಷನ್, ಮತ್ತೊಂದು ಬಿಲ್ಲು. ಡಾಕ್ಟರ ಮನಸ್ಸಿನಲ್ಲಿ ಇರುವುದೇ ಇದು ಅಂತ ಅವರ ಗುಮಾನಿ. ಗುಮಾನಿ ಅಲ್ಲಿಗೇ ನಿಂತಿದ್ದರೆ ಸರಿಯಿತ್ತು. ಹೆಂಡತಿ ಸಕೀನಾ ಹಾಲು ಕೊಟ್ಟರೂ ಮೂಸಿ ನೋಡುವರು. ಅಳಿಯ ಆಕಿಬ ಮಾತಾಡಿಸಲು ಬಂದರೆ, ಹಿತ್ತಲಲ್ಲಿ ನಿಂತ ತಮ್ಮ ಹಳೇ ಬೈಕಿನ ಮೇಲೆ ಕಣ್ಣಿಟ್ಟಿದ್ದಾನೆಂದು ಕೀಲಿಯನ್ನು ತಲೆದಿಂಬಿನ ಕೆಳಗೆ ಸೇರಿಸುವರು. ಇತ್ತ ಕಾಲು ಒಣಗಿದ ನುಗ್ಗೇಕಾಯಿ ಆಗುತ್ತಿತ್ತು. ಹೀಗೇ ಬಿಟ್ಟರೆ ಗ್ಯಾರೇಜು ಹಾಗಿರಲಿ, ಬಚ್ಚಲಿಗೆ ಹೋಗಲೂ ಜೀವನಪೂರ್ತಿ ಇನ್ನೊಬ್ಬರ ಹೆಗಲು ಬೇಕಾದೀತೆಂದು ಸಕೀನಾಳಿಗೆ ಹೆದರಿಕೆ.

ಪಕ್ಕದ ಮನೆಯ ರಾಜಶ್ರೀ ಧಾರವಾಡದಲ್ಲಿ ಎಲುಬಿನ ಬಗ್ಗೆ ಸಂಶೋಧನೆ ಮಾಡುವವಳು. ರಜೆಗೆ ಬಂದವಳು ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು.

"ಚಾಚಾ, ಇದಕ್ಕ ಬಯೋರಿಯಾಕ್ಟರ್ ಅಂತಾರ. ಈ ಡಬ್ಬಿಯೊಳಗ ಎಲುಬಿನ ಜೀವಕೋಶ ಬೆಳಸ್ತೇವಿ."

"ಯಾರ ಎಲುಬವಾ ಅದು? ಆಪರೇಷನ್ ದಿನ ನನ್ನ ಕಾಲಾಗಿಂದು ಏನರ ತಗೊಂಡಿಲ್ಲಲ್ಲ?"

"ನಿಮ್ಮದಲ್ಲ ಬಿಡ್ರಿ. ಸುಮ್ಮನ ಇಟ್ಟರ ಈ ಜೀವಕೋಶ ಜಡ ಬೀಳ್ತಾವ. ಮಷೀನು ಮೆಲ್ಲಕ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರ ಎಲುಬು ಕಟ್ಟೋ ಕೆಲಸ ಚುರುಕಾಗತೈತಿ. ಭಾರ ಹದವಾಗಿ ಬೀಳಬೇಕು, ಅಷ್ಟ."

"ಹಂಗಾರ ಆ ಮಷೀನು ತಂದು ನನ್ನ ಕಾಲಿಗೆ ಹಚ್ಚು."

"ದೇವರು ಆಗಲೇ ಹಚ್ಯಾನ ಚಾಚಾ. ಅದಕ್ಕ ನಡಿಗೆ ಅಂತಾರ."

ಕಾಸಿಂಸಾಬರು ಗೋಡೆ ಕಡೆ ಹೊರಳಿ ಗೊಣಗಿದರು, "ಡಾಕ್ಟರು ಈಕಿಗೂ ಹೇಳಿ ಕಳಿಸ್ಯಾರ."

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಸದ್ದು. ಡುರ್... ಡುರ್... ಡುಗುಡುಗುಡುಗು. ಅವರದೇ ಬೈಕು, ಚಳಿಗೆ ಕೆಮ್ಮುವ ಅದೇ ಕೆಮ್ಮು. ದಿಂಬಿನ ಕೆಳಗೆ ಕೈಹಾಕಿದರು. ಕೀಲಿ ಅಲ್ಲೇ ಇದೆ.

"ಡೂಪ್ಲಿಕೇಟ್ ಕೀಲಿ ಮಾಡಿಸ್ಯಾನ ಆ ಆಕಿಬ."

ವಾಕರ್ ಎಳೆದುಕೊಂಡು ಎದ್ದರು. ನಡುಮನೆ, ಅಡಿಗೆಮನೆ, ಹಿತ್ತಲ ಬಾಗಿಲು. ಬಾಗಿಲ ಮರೆಯಲ್ಲಿ ಕಾದು ನಿಂತಿದ್ದ ರಾಜಶ್ರೀ, ಬಿದ್ದರೆ ಹಿಡಿಯಲೆಂದು ಕೈಚಾಚಿ ಬೆನ್ನ ಹಿಂದೆಯೇ ಬರುತ್ತಿದ್ದುದು ಅವರಿಗೆ ಗೊತ್ತೇ ಆಗಲಿಲ್ಲ.

ಬೈಕಿನ ಸೀಟಿನ ಮೇಲೆ ಕೋಳಿ ಕೂತಿತ್ತು. ಪಕ್ಕದ ಒಗೆಯುವ ಕಲ್ಲಿನ ಮೇಲೆ ಸಕೀನಾ, ಖಾಲಿ ಕೊಡದೊಳಗೆ ಬಾಯಿಟ್ಟು ಡುಗುಡುಗು ಅನ್ನುತ್ತಿದ್ದಳು. ಗಂಡನನ್ನು ನೋಡಿ ಕೊಡ ಇಳಿಸಿದಳು.

"ನಿಮ್ಮ ಕೂಡ ಎಷ್ಟು ವರ್ಷ ಸಂಸಾರ ಮಾಡೇನೋ, ಈ ಬೈಕಿನ ಕೂಡನೂ ಅಷ್ಟ ಮಾಡೇನ್ರಿ. ರಾಡು ಮುರೀತೇನು?"

ಕಾಸಿಂಸಾಬರು ಕಾಲು ನೋಡಿಕೊಂಡರು. ತಿರುಗಿ, ದೂರ ಉಳಿದ ಮಂಚ ನೋಡಿದರು.

"ಗೇರ್ ಬದಲಿ ಮಾಡುವಾಗ ಕ್ಲಚ್ ಹಿಡೀಲಿಲ್ಲ ನೀ" ಅಂದರು. ಅವತ್ತು ಸಂಜೆ ಯಾರೂ ಹೇಳದೆ ವಾಕರ್ ಹಿಡಿದು ಅಂಗಳಕ್ಕೆ ಬಂದರು.

ಅಕ್ಕ ತಂಗೇರೇ, ಅಣ್ಣ ತಮ್ಮಂದಿರೇ, ಎಲುಬು ಮುರಿದಿದ್ದರೆ ಯಾವಾಗ, ಎಷ್ಟು ಭಾರ ಕೊಡಬೇಕೆಂದು ಡಾಕ್ಟರನ್ನೇ ಕೇಳಿರಿ. ಅವರು ನಡೀರಿ ಅಂದ ಮೇಲೆ ಮಂಚಕ್ಕೆ ಅಂಟಿಕೊಳ್ಳಬೇಡಿರಿ. ಡಬ್ಬಿಯಲ್ಲಿ ಬೆಳೆಸಿದ ಎಲುಬಿನ ಮೇಲೆ ಇನ್ನೂ ಸಂಶೋಧನೆ ನಡೆದಿದೆ. ಯಾರಾದರೂ ಮನೆ ಬಾಗಿಲಿಗೆ ಬಂದು ಮಾರಿದರೆ ನಿಮ್ಮ ಗುಮಾನಿಯೆಲ್ಲ ಅವನ ಮೇಲೆ ಇರಲಿ.

ನಂಬಿಕೆ ಬರದಿದ್ದರೆ ಅಂಬೇವಾಡಿಯ ಗ್ಯಾರೇಜಿಗೇ ಬರ್ರಿ. ಕಾಸಿಂಸಾಬರು ಈಗ ನಡೆದೇ ಅಲ್ಲಿಗೆ ಹೋಗುತ್ತಾರೆ. ಕತೆ ಹೇಳ್ರಿ ಅಂದರೆ, ಕೊಡದ ಸದ್ದನ್ನೂ ತಾವೇ ಮಾಡಿ ತೋರಿಸಿ, ಕೇಳಿದವರಿಗಿಂತ ಜೋರಾಗಿ ನಗುತ್ತಾರೆ.