ಇನ್ಸ್‌ಪೆಕ್ಟರ್ ಹಕ್ಕಿ ಮತ್ತು ಮೊಟ್ಟೆ ಗಾಡಿ

ಯಾರದು, ಈ ಮುದುಕನಿಗೆ ಮರೆವು ಎಂದವರು? ಬಾಯಿ ಮುಚ್ಚಿ, ಕಿವಿ ತೆರೆಯಿರಿ. ಮದುವೆಯಾದ ದಿನ ಯಾವುದೆಂದು ಹೆಂಡತಿಯನ್ನು ಕೇಳಿ ಹೇಳುವ ಗಿರಾಕಿಗಳು ನೀವು. ನನಗೆ ನಮ್ಮ ಒಲಾರಿಯಾ ಬಡಾವಣೆಯ ಬೀದಿನಾಯಿಗಳ ಹೆಸರೂ ನೆನಪಿದೆ. ಕೇಳಿ.

ನಮ್ಮ ಬೀದಿಯ ಜುರಾಂದಿರ್ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಜೀವವೆಲ್ಲ ಒಂದು ಕೊಲೇರೊ ಹಕ್ಕಿಯಲ್ಲಿತ್ತು. ಅಂಗೈಯಲ್ಲಿ ಅಡಗುವ ಮರಿಹಕ್ಕಿ, ಹೆಸರು ಮಾತ್ರ ಇನ್ಸ್‌ಪೆಕ್ಟರ್. ಬರುವ ಭಾನುವಾರ ಹಕ್ಕಿಗಳ ಹಾಡಿನ ಪಂದ್ಯವಿತ್ತು. ಮರಿಹಕ್ಕಿ ಕಿವಿಗೆ ಬಿದ್ದದ್ದನ್ನೇ ಕಲಿಯುತ್ತದೆ. ಆದ್ದರಿಂದ ಅದನ್ನು ಒಂದು ಕೋಣೆಯಲ್ಲಿಟ್ಟು ಹಳೆಯ ಗೆದ್ದ ಹಕ್ಕಿಯ ಹಾಡೊಂದನ್ನೇ ಕೇಳಿಸಬೇಕು. ಕೆಟ್ಟ ಸದ್ದು ಕಲಿತರೆ ಸಾಯುವ ತನಕ ಅದೇ ಗತಿ.

ಮಗಳು ಲುಸಿಲೇನ, ಕಂಪ್ಯೂಟರ್ ರಿಪೇರಿಯವಳು. ಅಪ್ಪನ ಮನೆಯನ್ನು ಸ್ಮಾರ್ಟ್ ಮಾಡಿಟ್ಟಳು. ಸ್ಪೀಕರ್ ತಾನೇ ಹಾಡುತ್ತಿತ್ತು, ಪರದೆ ತಾನೇ ಮುಚ್ಚುತ್ತಿತ್ತು. ಫೋನಿನಲ್ಲಿ ನಾಲ್ಕಂಕಿಯ ಪಾಸ್‌ವರ್ಡ್ ಒತ್ತಿದವನೇ ಮನೆಯ ಯಜಮಾನ.

ಸೋಮವಾರ ಬೆಳಿಗ್ಗೆ ಜುರಾಂದಿರ್ ಬೇಕರಿಯಿಂದ ಮನೆಗೆ ಬಂದರೆ ಹಕ್ಕಿಯ ಕೋಣೆಯಲ್ಲಿ ಸ್ಪೀಕರ್ ಅರಚುತ್ತಿತ್ತು: “ಮೊಟ್ಟೆ ಬಂತು ಮೊಟ್ಟೆ! ಕೋಳಿ ಈಗಷ್ಟೇ ಎದ್ದು ಹೋಯ್ತು, ಮೊಟ್ಟೆ ಇನ್ನೂ ಬೆಚ್ಚಗಿದೆ!”

ಬೀದಿಗೆ ಬರುವ ಮೊಟ್ಟೆ ಗಾಡಿಯದೇ ಧ್ವನಿ. ಇನ್ಸ್‌ಪೆಕ್ಟರ್ ಕತ್ತು ಓರೆ ಮಾಡಿ ಬಲು ಶ್ರದ್ಧೆಯಿಂದ ಕೇಳುತ್ತಿದ್ದ.

ಲುಸಿಲೇನ ಓಡಿ ಬಂದಳು. “ಅಪ್ಪಾ, ಇದು ಹ್ಯಾಕರ್‌ಗಳ ಕೆಲಸ. ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ಯಾ?”

“ನಾನಾ? ನನ್ನ ಬಾಯಿ ತಿಜೋರಿ ಕಣೇ!”

“ದಿನಾ ಬದಲಾಯಿಸ್ತಿದ್ದೀಯಾ?”

“ಹಲ್ಲುಜ್ಜೋದು ಮರೆತ್ರೂ ಅದು ಮರೆತಿಲ್ಲ.”

ಮಂಗಳವಾರ ಮತ್ತೆ ಮೊಟ್ಟೆ. ಜೊತೆಗೆ ಪರದೆ ಬೇರೆ ತೆರೆದು ಮುಚ್ಚಿ ಕುಣಿಯುತ್ತಿತ್ತು. ಇದು ದೂರದೇಶದ ಕಳ್ಳರ ಗುಂಪಿರಬೇಕು ಎಂದಳು ಮಗಳು.

“ದೂರದೇಶದವರ್ಗೂ ನನ್ನ ಹಕ್ಕಿ ಮೇಲೆ ಕಣ್ಣಾ?” ಎಂದ ಜುರಾಂದಿರ್. ಸಂಕಟದಲ್ಲೂ ಅವನಿಗೆ ಸ್ವಲ್ಪ ಹೆಮ್ಮೆ.

ಬುಧವಾರ ಬೆಳಿಗ್ಗೆ ಅವಳೂ ಅವನ ಜೊತೆ ಬೇಕರಿಗೆ ಹೋದಳು. ಒಳಗೆ ಕಾಲಿಡುತ್ತಲೇ ಗಲ್ಲಾದಲ್ಲಿದ್ದ ದೋನಾ ಇವೋನೆ ಕೇಳಿದಳು, “ಜುರಾಂದಿರಣ್ಣಾ, ಇವತ್ತು ಕನಸಲ್ಲಿ ಯಾರು ಬಂದಿದ್ರು?”

“ಮೊಸಳೆ ಕಣಮ್ಮ, ಕತ್ತೆ ಮೇಲೆ ಕೂತ್ಕೊಂಡು ನನ್ನ ಬಸ್ ಹತ್ತೋಕೆ ಬಂತು. ಟಿಕೆಟ್ ಕೇಳಿದ್ರೆ ಹಲ್ಲು ತೋರಿಸ್ತು.”

“ಮೊದಲು ಕಂಡಿದ್ದು ಮೊಸಳೆನಾ, ಕತ್ತೆನಾ?” ಎಂದು ಪಕ್ಕದಿಂದ ಕೇಳಿದವನು ಕ್ಷೌರದಂಗಡಿಯ ಬೀರಾ. ಅವನ ಹಕ್ಕಿಯೂ ಭಾನುವಾರದ ಪಂದ್ಯಕ್ಕಿತ್ತು.

“ಮೊಸಳೆ.”

ಕಾಫಿ ಅರ್ಧಕ್ಕೇ ಬಿಟ್ಟು ಎಲ್ಲರೂ ಮೂಲೆಯ ಚೀಟಿಯವನ ಮೇಜಿಗೆ ಓಡಿದರು. ಪ್ರಾಣಿಯಾಟ ಅಂದರೆ ಚೀಟಿ ಜೂಜು: ಪ್ರಾಣಿಗೊಂದು ಅಂಕಿ, ಕನಸಲ್ಲಿ ಕಂಡ ಪ್ರಾಣಿಗೆ ದುಡ್ಡು ಕಟ್ಟುವುದು. ಮೊಸಳೆಗೆ ಹದಿನೈದು, ಕತ್ತೆಗೆ ಮೂರು. ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಕಂಡ ಕನಸನ್ನು ನಾಲ್ಕು ಜನಕ್ಕೆ ಹೇಳದೆ ನುಂಗಿದರೆ ದರಿದ್ರ ಅನ್ನುವುದೂ ಗೊತ್ತು.

ಲುಸಿಲೇನಳ ಗಂಟಲಲ್ಲಿ ಬ್ರೆಡ್ಡು ಸಿಕ್ಕಿಕೊಂಡಿತು. “ಅಪ್ಪಾ, ಇವತ್ತಿನ ಪಾಸ್‌ವರ್ಡು ಒಂದು ಐದು ಸೊನ್ನೆ ಮೂರಾ?”

“ಅಯ್ಯೋ, ನಿಂಗ್ಯಾರೇ ಹೇಳಿದ್ರು?”

“ನೀನೇ ಹೇಳ್ದೆ, ಇಡೀ ಬೇಕರಿಗೆ!”

“ಬೇರೆ ಅಂಕಿ ನನ್ನ ತಲೇಲಿ ನಿಲ್ಲಲ್ಲ ಕಣೇ. ಕನಸಾದ್ರೆ ಸಂಜೆ ತನಕ ಇರುತ್ತೆ.”

“ಹಂಗಾದ್ರೆ ನಾಳೆ ಸುಳ್ಳು ಕನಸು ಹೇಳು.”

ಜುರಾಂದಿರ್ ಬಿಳಿಚಿಕೊಂಡ. “ಬೀದಿಗೆ ಬೀದಿನೇ ನನ್ನ ನಂಬಿ ಚೀಟಿ ಬರೆಸುತ್ತೆ!”

“ಬೀದಿ ಬೇಕಾ, ಹಕ್ಕಿ ಬೇಕಾ?”

ಗುರುವಾರ ಅವನ ಕನಸಿಗೆ ಬಂದದ್ದು ಕೋತಿ, ಹಿಂದೆಯೇ ಹಂದಿ. ಅವುಗಳ ಅಂಕಿಯನ್ನೇ ಪಾಸ್‌ವರ್ಡಾಗಿ ಒತ್ತಿ ಬಂದ. ಬೇಕರಿಯಲ್ಲಿ ಮಾತ್ರ ಬೆವರು ಒರೆಸಿಕೊಳ್ಳುತ್ತಾ, “ಆನೆ... ಬೆನ್ನ ಮೇಲೊಂದು ಚಿಟ್ಟೆ” ಎಂದ. ಅಂದವನೇ ಶಿಲುಬೆಯ ಗುರುತು ಹಾಕಿಕೊಂಡು, ತಾನು ಮಾತ್ರ ಕೋತಿಗೆ ಚೀಟಿ ಬರೆಸಿ, ಕಳ್ಳನ ಹಾಗೆ ಮನೆಗೆ ಬಂದು ಕೂತ. ಮನೆ ತಣ್ಣಗಿತ್ತು, ಮಧ್ಯಾಹ್ನ ದಾಟಿದರೂ ಮೊಟ್ಟೆಯ ಸದ್ದಿಲ್ಲ. ಅಷ್ಟರಲ್ಲಿ ಮಗಳ ಫೋನಿಗೆ ಸ್ಮಾರ್ಟ್ ಮನೆಯಿಂದಲೇ ಸಂದೇಶ ಬಂತು: “ಬೀರಾ ಸಲೂನ್ ಎಂಬ ಫೋನಿನಿಂದ ಮೂರು ಸಲ ತಪ್ಪು ಅಂಕಿ.”

“ದೂರದೇಶ!” ಎಂದು ಪೊರಕೆ ಎತ್ತಿಕೊಂಡು ಹೊರಟಳು ಲುಸಿಲೇನ. ಬಾಗಿಲು ತೆರೆದರೆ ಎದುರಿಗೆ ಜನವೋ ಜನ. ಡೋಲು, ಬಿಯರು, ದೋನಾ ಇವೋನೆಯ ಕೈಯಲ್ಲಿ ದೊಡ್ಡ ಕೇಕು. ಮಧ್ಯಾಹ್ನದ ಚೀಟಿಯಲ್ಲಿ ಆನೆ ಬಿದ್ದಿತ್ತು! ಇಡೀ ಬೀದಿ ಗೆದ್ದಿತ್ತು. ಕೋತಿಗೆ ಕಟ್ಟಿದ್ದ ಜುರಾಂದಿರ್ ಒಬ್ಬನೇ ಸೋತಿದ್ದ. ಎಲ್ಲರ ಮುಂದೆ ಡೋಲು ಹಿಡಿದು ನಿಂತಿದ್ದವನು ಬೀರಾ. ಅವನೂ ಆನೆಗೇ ಕಟ್ಟಿದ್ದ.

ಡೋಲಿನ ಮೇಲೆ ಕೈ ಬೀಳುವಷ್ಟರಲ್ಲಿ ಜುರಾಂದಿರ್ ಅಡ್ಡ ಬಿದ್ದ. “ಶ್ಶ್! ನಿಮ್ಮ ದಮ್ಮಯ್ಯ! ಹಕ್ಕಿ ಕಲ್ತುಬಿಡುತ್ತೆ!”

ಒಲಾರಿಯಾದಲ್ಲಿ ಅಂಥ ಹಬ್ಬ ಹಿಂದೆ ನಡೆದಿಲ್ಲ. ಚಪ್ಪಲಿ ಕಳಚಿಟ್ಟು ತುದಿಗಾಲಲ್ಲಿ ಕುಣಿದರು. ಕೈಗೆ ಕೈ ತಾಗಿಸದೆ ಗಾಳಿಯಲ್ಲೇ ಚಪ್ಪಾಳೆ ತಟ್ಟಿದರು. ಲುಸಿಲೇನ ಪೊರಕೆಯನ್ನು ಬೀರಾನ ಮೂಗಿಗೆ ಹಿಡಿದು ಪಿಸುಗುಟ್ಟಿದಳು, “ಕಳ್ಳ ನನ್ಮಗನೇ, ಮೊಟ್ಟೆ ನೀನೇ ತಾನೆ?”

“ಹೂಂ ಕಣಕ್ಕಾ,” ಎಂದು ಬೀರಾನೂ ಪಿಸುಗುಟ್ಟಿದ. “ಹೊಡೀಬೇಡ, ಸದ್ದಾಗುತ್ತೆ.”

“ಭಾನುವಾರದ ತನಕ ಬೀದಿ ಬಾಯಲ್ಲಿ ನಿಂತು ನಿಜವಾದ ಮೊಟ್ಟೆ ಗಾಡಿ ತಡೀಬೇಕು ನೀನು,” ಎಂದು ದೋನಾ ಇವೋನೆ ಪಿಸುಮಾತಿನಲ್ಲೇ ತೀರ್ಪು ಕೊಟ್ಟಳು.

ಆಗ ಒಳಗಿಂದ ಕೇಳಿತು: ತುಯ್, ತುಯ್, ಆಮೇಲೆ ಉದ್ದಕ್ಕೆ ಒಂದು ಎಳೆ. ಎಲ್ಲರೂ ಎತ್ತಿದ ಕಾಲು ಇಳಿಸದೆ ನಿಂತರು. ಸ್ವಚ್ಛ ಹಾಡು, ಮೊಟ್ಟೆಯ ಸುಳಿವೂ ಇಲ್ಲ. ಜುರಾಂದಿರ್ ಗೋಡೆಗೆ ಹಣೆ ಇಟ್ಟು ಸದ್ದಿಲ್ಲದೆ ಅತ್ತ.

ಪಂದ್ಯದಲ್ಲಿ ಇನ್ಸ್‌ಪೆಕ್ಟರ್‌ಗೆ ನಾಲ್ಕನೇ ಸ್ಥಾನ ಬಂತು, ಬೀರಾನ ಹಕ್ಕಿ ಬಾಯಿಯನ್ನೇ ಬಿಡಲಿಲ್ಲ. ಸಾಕು, ಗಂಟಲು ಒಣಗಿತು. ಫೋನಿನಲ್ಲಿ ಈ ಧ್ವನಿ ಸಂದೇಶ ಕೇಳಿ ಸುಮ್ಮನಿರಬೇಡಿ, ನಿಮ್ಮ ಬೀದಿಯವರಿಗೆಲ್ಲ ಕಳಿಸಿ, ಮೊದಲು ನಿಮ್ಮ ಬಾಯಿಬಡುಕ ಚಿಕ್ಕಪ್ಪನಿಗೆ.