ಬೆಲ್ಟಿನ ಕೊನೆಯ ಮೊಳ

ತಾವೀಪನ ಹಳೆ ಕಾರುಗಳ ಅಂಗಳದಲ್ಲಿ ತಣ್ಣನೆಯ ಕಾಫಿ ಪುಕ್ಕಟೆ. ಪುಕ್ಕಟೆ ಕಾಫಿಯಷ್ಟು ದುಬಾರಿ ಬೇರೊಂದಿಲ್ಲವೆಂದು ದಕ್ಷಿಣ ಥಾಯ್ಲೆಂಡಿನ ಹಾಟ್ ಯಾಯ್‌ನಲ್ಲಿ ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಕುಡಿಯುತ್ತಾರೆ. ಪನಿದಾಳ ಸೋದರಮಾವ ವಿರೋತ್ ಆಗಲೇ ಎರಡನೇ ಲೋಟಕ್ಕೆ ಬಂದಿದ್ದ.

ಪನಿದಾಳಿಗೆ ಇಪ್ಪತ್ತು ವರ್ಷ, ಅವಳ ಲೈಸೆನ್ಸಿಗೆ ಎರಡು ತಿಂಗಳು. ವಯಸ್ಸಾದವರನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ದು, ಸರದಿ ನಿಂತು, ಮರಳಿ ಮನೆಗೆ ಬಿಡುವ ಕೆಲಸ ಸೋಮವಾರದಿಂದ ಶುರು. ಕಾರು ತನ್ನದೇ ಇರಬೇಕು, ಇಲ್ಲದಿದ್ದರೆ ಕೆಲಸ ಇನ್ನೊಬ್ಬಳಿಗೆ. ಎರಡು ವರ್ಷ ಸಿಗಡಿ ಸುಲಿದು ಬೆರಳು ಬಿರಿದು ಕೂಡಿಸಿದ್ದು ಎಂಬತ್ತೈದು ಸಾವಿರ ಬಾತ್. ಕಾರಿಗೆ ಎಪ್ಪತ್ತು, ಉಳಿದದ್ದು ವಿಮೆಗೆ, ಟೈರಿಗೆ, ಹೆಸರು ಬದಲಾವಣೆಗೆ ಎಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು.

ತಾವೀಪ ಒಂದು ಬಿಳಿ ಕಾರು ತೋರಿಸಿ ಎಂಬತ್ತೆರಡು ಸಾವಿರ ಅಂದವನು ಗೆಳೆಯ ವಿರೋತ್‌ನ ಮುಖ ನೋಡಿ ಎಪ್ಪತ್ತೆಂಟಕ್ಕೆ ಇಳಿದ. ಮಧ್ಯಾಹ್ನಕ್ಕೆ ಇನ್ನೊಬ್ಬ ಗಿರಾಕಿ ಬರುತ್ತಾನಂತೆ. ಮಾಮ ಅಷ್ಟಕ್ಕೇ ಗಾಬರಿಯಾಗಿ ಸ್ವಂತ ಜೇಬಿನಿಂದ ಐದು ಸಾವಿರ ಮುಂಗಡ ತೆಗೆದು ಮೇಜಿನ ಮೇಲಿಟ್ಟು, ಹಾರದಂತೆ ಕಾಫಿ ಲೋಟ ಹೇರಿದ. ಹರೆಯದಲ್ಲಿ ಇಬ್ಬರೂ ಒಂದೇ ದಿನ ತಲೆ ಬೋಳಿಸಿ ಕಾವಿ ಉಟ್ಟು, ಒಂದೇ ವಿಹಾರದಲ್ಲಿ ಭಿಕ್ಷುಗಳಾಗಿ ಮಳೆಗಾಲ ಕಳೆದವರು. ಅಂಥವನ ಮಾತನ್ನು ಅನುಮಾನಿಸುವುದುಂಟೆ?

ಎಪ್ಪತ್ತು ಮೀರಿದ ಬೆಲೆಯಿಂದ ಮರ್ಯಾದೆ ಕೆಡದಂತೆ ಜಾರಿಕೊಳ್ಳಲು ಪನಿದಾ ಒಂದು ದಾರಿ ನೋಡಿದಳು. ತಾನು ಮಂಗಳವಾರ ಹುಟ್ಟಿದವಳು, ಬಿಳಿ ಬಣ್ಣ ಆಗಿಬರುವುದಿಲ್ಲ ಅಂದಳು. ತಾವೀಪ ನಗುತ್ತ ಡ್ರಾಯರಿನಿಂದ ಒಂದು ಸ್ಟಿಕರ್ ತೆಗೆದು ಅವಳ ಕೈಗಿತ್ತ. ‘ಈ ಕಾರಿನ ಬಣ್ಣ ಗುಲಾಬಿ’ ಎಂದು ಅದರಲ್ಲಿತ್ತು. ಹಿಂದುಗಡೆ ಅಂಟಿಸಿದರೆ ಗ್ರಹಗಳೂ ಒಪ್ಪುತ್ತವೆ, ಊರಲ್ಲಿ ಅರ್ಧ ಜನ ಮಾಡುವುದು ಅದನ್ನೇ. ಆ ಬಾಗಿಲೂ ಮುಚ್ಚಿತು.

ಓಡಿಸಿ ನೋಡಿದಳು. ಎಂಜಿನ್ ಹದವಾಗಿತ್ತು, ಏಸಿ ತಂಪಾಗಿತ್ತು. ಆದರೆ ಕಾರೊಳಗೆ ಮೂರು ಮೂರು ಮಲ್ಲಿಗೆಯ ಪರಿಮಳದ ಡಬ್ಬಿ. ಒಂದೇ ಕಾರಿಗೆ ಮೂರು ಯಾಕೆ? ಕಿಟಕಿ ಇಳಿಸಿದರೆ ಪಕ್ಕದಲ್ಲಿದ್ದ ತಾವೀಪ ಏರಿಸಿದ. ಇದು ದೇಶದ ಈಶಾನ್ಯದ ಈಸಾನಿನ ಒಣನೆಲದಲ್ಲಿ ಒಬ್ಬ ಮೇಷ್ಟರು ಓಡಿಸಿದ ಗಾಡಿ, ನೀರು ಕಂಡದ್ದೇ ತೊಳೆಯುವಾಗ ಎಂದು ಕೇಳದೆಯೇ ಹೇಳಿದ. ಕೇಳದೆ ಹೇಳಿದ ಮಾತು ಪನಿದಾಳ ಎದೆಯಲ್ಲಿ ಮುಳ್ಳಿನಂತೆ ನಿಂತಿತು.

ಅಂಗಳಕ್ಕೆ ಮರಳಿದಾಗ ಕಾಗದ, ಪೆನ್ನು ಸಿದ್ಧವಾಗಿದ್ದವು. ಪನಿದಾ ಇಳಿಯಲಿಲ್ಲ. ಸೀಟು ಹೊಸದು, ನೆಲಹಾಸು ಹೊಸದು. ಸೀಟ್ ಬೆಲ್ಟನ್ನು ಯಾರು ಬದಲಾಯಿಸುತ್ತಾರೆ? ಅದನ್ನು ಹಿಡಿದು ಮೆಲ್ಲಗೆ ಎಳೆಯತೊಡಗಿದಳು.

"ಏನ್ ಪುಟ್ಟಿ, ಹಗ್ಗಜಗ್ಗಾಟನಾ?" ತಾವೀಪ ನಕ್ಕ. ನಗು ಕಣ್ಣಿನವರೆಗೆ ಹೋಗಲಿಲ್ಲ.

ಮಾಮ ನಾಚಿಕೆಯಿಂದ ಕೆಂಪಾದ. "ಸಾಕು ಬಿಡೆ. ನಾವಿಬ್ರೂ ಒಟ್ಟಿಗೆ ಕಾವಿ ಉಟ್ಟೋರು."

ಕೈ ನಿಂತಿತು. ಅವಳಿಗೆ ಅಳು ಬರುವಂತಾಯಿತು. ಎಳೆದು ಏನೂ ಸಿಗದಿದ್ದರೆ ಮಾಮನ ಮುಖಕ್ಕೆ ಮಸಿ. ಎಳೆಯದೆ ಬಿಟ್ಟರೆ ಯಾವುದೋ ಅಜ್ಜಿ ಹಿಂದೆ ಕೂತಿರುವಾಗ ಹೆದ್ದಾರಿ ನಡುವೆ ಗಾಡಿ ನಿಂತೀತು. ಕಣ್ಣು ಮುಚ್ಚಿ ಕೊನೆಯ ಮೊಳವನ್ನೂ ಎಳೆದಳು.

ಒಣಗಿದ ಕಂದು ಕೆಸರು ಅವಳ ತೊಡೆಯ ಮೇಲೆ ಪುಡಿಪುಡಿಯಾಗಿ ಉದುರಿತು. ಆ ಕೆಸರು ಅವಳಿಗೆ ಹೊಸದಲ್ಲ. ಎರಡು ವರ್ಷದ ಹಿಂದೆ ನೆರೆ ಇಳಿದ ಮೇಲೆ ಮನೆಯ ಗೋಡೆಯಿಂದ ಒಂದು ತಿಂಗಳು ಕೆರೆದದ್ದು ಅದನ್ನೇ.

ಪನಿದಾ ಇಳಿದು, ಕೈ ಜೋಡಿಸಿ ತಲೆಬಾಗಿ, ಸ್ಟಿಕರನ್ನು ಎರಡೂ ಕೈಯಿಂದ ತಾವೀಪನಿಗೆ ಹಿಂತಿರುಗಿಸಿದಳು.

"ದೊಡ್ಡಪ್ಪಾ, ‘ಈ ಕಾರು ಮುಳುಗಿಲ್ಲ’ ಅಂತ ಒಂದು ಮಾಡಿಸಿ ಅಂಟಿಸಿ."

ತಾವೀಪ ಮುಂಗಡದ ಕಡೆ ಕೈ ಚಾಚಿದ. ಅದಕ್ಕೂ ಮೊದಲೇ ಮಾಮನ ಕೈ ಲೋಟ ಎತ್ತಿ ನೋಟು ಬಾಚಿತ್ತು. ಅವನು ಗೆಳೆಯನ ಮುಖ ನೋಡಲಿಲ್ಲ. ಅರ್ಧ ಉಳಿದಿದ್ದ ಕಾಫಿಯನ್ನು ನೆಲಕ್ಕೆ ಚೆಲ್ಲಿ ಲೋಟ ಬೋರಲು ಹಾಕಿದ.

ಮಾಮ ಬೈಕ್ ಹತ್ತಿ ಪನಿದಾಳನ್ನು ಹಿಂದೆ ಕೂರಿಸಿಕೊಂಡ. ಬೈಗುಳ ಬಂದೀತೆಂದು ಪನಿದಾ ಅವನ ಬೆನ್ನನ್ನೇ ನೋಡುತ್ತಿದ್ದಳು. ಸಿಗ್ನಲ್ಲಿನಲ್ಲಿ ಅವನು ತಿರುಗಿದಾಗ ಕಣ್ಣು ಒದ್ದೆಯಾಗಿತ್ತು.

"ಸೋಮವಾರಕ್ಕೆ ಇನ್ನೂ ಮೂರು ದಿನ ಇದೆ. ನಾಳೆ ಬೇರೆ ಕಡೆ ನೋಡೋಣ, ಮೊದಲು ನೀನು ಬೆಲ್ಟ್ ಎಳಿ. ಕಾಫಿ ಆಮೇಲೆ ಕುಡೀತೀನಿ."