ಚಿಲಕಕ್ಕೆ ಆರು ತೂತು

ಹಸಿರು ದೀಪ ಇನ್ನೂ ಬಂದಿರಲಿಲ್ಲ. ಕೆಂಪು ಮಿಟುಕುತ್ತಿತ್ತು. ಮಿಟುಕುವ ಕೆಂಪಿಗೂ ಮಿಟುಕದ ಕೆಂಪಿಗೂ ವ್ಯತ್ಯಾಸವಿದೆ ಎಂದು ಕೈಪಿಡಿ ಹದಿನಾಲ್ಕು ಭಾಷೆಗಳಲ್ಲಿ ಹೇಳುತ್ತಿತ್ತು. ಏನು ವ್ಯತ್ಯಾಸ ಎಂದು ಹೇಳುವ ಹಾಳೆ ಮಾತ್ರ ಕಾಣೆಯಾಗಿತ್ತು. ಅವನು ಚಾರ್ಜರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಆಪರೇಷನ್ ಥಿಯೇಟರಿನ ಹೊರಗೆ ಕಾಯುವ ನೆಂಟನ ಹಾಗೆ ಅದನ್ನೇ ನೋಡುತ್ತಿದ್ದ.

"ಇನ್ನೂ ಎಷ್ಟು ಹೊತ್ತು?" ಹೆಂಡತಿ ಕೇಳಿದಳು.

"ಆಯ್ತು. ಇನ್ನೇನು."

"ಬೆಳಗ್ಗೆಯಿಂದ ಇನ್ನೇನು, ಇನ್ನೇನು ಅಂತಿದೀರಿ."

"ನಾನಲ್ಲ, ಬ್ಯಾಟರಿ."

ಡ್ರಿಲ್ಲಿಗೆ ಬ್ಯಾಟರಿಗಳು ಎರಡು, ಅವಳಿ ಮಕ್ಕಳಂತೆ. ಒಂದು ಸದಾ ತುಂಬಿರುತ್ತದೆ, ಇನ್ನೊಂದು ಸದಾ ಖಾಲಿ. ಯಾವುದು ಯಾವುದೆಂದು ತಿಳಿಯುವುದು ಏಣಿಯ ತುದಿ ಹತ್ತಿದ ಮೇಲೆಯೇ. ಒಮ್ಮೆ ಅವನು ಒಂದರ ಮೇಲೆ ಪೆನ್ನಿನಿಂದ 'ತುಂಬಿದೆ' ಎಂದು ಬರೆದಿದ್ದ. ಮಾರನೆಯ ದಿನಕ್ಕೇ ಆ ವಾಕ್ಯ ಸುಳ್ಳಾಯಿತು. ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುವ ಅವನಿಗೆ ಅದೊಂದು ಅವಮಾನವಾಗಿ ಉಳಿದುಬಿಟ್ಟಿತ್ತು.

ಡ್ರಿಲ್ ಕೊಂಡು ಎರಡು ವರ್ಷ. ಕೊಂಡ ದಿನವೇ, ಇನ್ನು ಕೈಯಲ್ಲಿ ತಿರುಗಿಸುವ ಹಂಗೇಕೆ ಎಂದು ಹಳೆಯ ಸ್ಕ್ರೂಡ್ರೈವರನ್ನು ಗುಜರಿಯವನಿಗೆ ದಾನ ಮಾಡಿದ್ದ. ವಾರದೊಳಗೆ ನಾಲ್ಕು ಮಹಡಿಗೂ ಸುದ್ದಿ ಹಬ್ಬಿತ್ತು. ಈಗ ಕಟ್ಟಡದಲ್ಲಿ ಅವನ ಹೆಸರು ಯಾರಿಗೂ ಗೊತ್ತಿಲ್ಲ. 'ಡ್ರಿಲ್ ಮೇಷ್ಟ್ರು' ಎಂದರೆ ಎಲ್ಲರಿಗೂ ಗೊತ್ತು. ಡ್ರಿಲ್ಲು ಎಲ್ಲರ ಮಲಗುವ ಕೋಣೆಗೂ ಹೋಗಿಬಂದಿತ್ತು. ಅವನು ಯಾರ ಹೊಸ್ತಿಲನ್ನೂ ದಾಟಿರಲಿಲ್ಲ.

ಚಿಲಕದ ಮಾತು ಹುಟ್ಟಿದ್ದು ಎಂಟು ದಿನದ ಹಿಂದೆ. ಹೆಂಡತಿ ಯಾರಿಗೂ ಹೇಳದೆ ಉಗ್ರಾಣದ ಕೋಣೆಯನ್ನು ಖಾಲಿ ಮಾಡಿದ್ದಳು. ಕಿಟಕಿ ಇಲ್ಲದ, ಒಂದು ಮಂಚವೂ ಹಿಡಿಸದ ಕೋಣೆ. ಹಳೆಯ ಸೂಟ್‌ಕೇಸು, ಕೆಟ್ಟ ಫ್ಯಾನು, ಅವನ ಮುಗಿಯದ ಪ್ರಬಂಧದ ಏಳು ಕಟ್ಟು, ಎಲ್ಲವೂ ಹಜಾರಕ್ಕೆ ಬಂದವು. ಗುಡಿಸಿ ಒರೆಸಿ, ಒಂದು ಕುರ್ಚಿ ಒಳಗಿಟ್ಟು, ಹೇಳಿದಳು:

"ಈ ಬಾಗಿಲಿಗೆ ಒಳಗಡೆಯಿಂದ ಒಂದು ಚಿಲಕ ಹಾಕಿಕೊಡಿ."

"ಯಾಕೆ?"

"ಸುಮ್ನೆ."

ಆ 'ಸುಮ್ನೆ'ಯನ್ನು ಅವನು ಎಂಟು ದಿನದಿಂದ ತಿರುವಿ ತಿರುವಿ ನೋಡುತ್ತಿದ್ದ. ಮನೆಯಲ್ಲಿರುವುದು ಇಬ್ಬರು. ಅವಳು ಒಳಗಿನಿಂದ ಚಿಲಕ ಹಾಕಿಕೊಂಡರೆ ಹೊರಗುಳಿಯುವವನು ಯಾರು? ಮೊದಲ ವರ್ಷದ ದಡ್ಡ ಹುಡುಗನೂ ಹೇಳಬಲ್ಲ. ನನ್ನನ್ನು ಕಂಡರೆ ಬೇಸರವೇ ಎಂದು ಕೇಳಬೇಕೆಂದುಕೊಂಡಿದ್ದ. ಬಾಯಿ ತೆರೆದಾಗ ಬಂದ ಪ್ರಶ್ನೆ ಬೇರೆ: "ಹಿತ್ತಾಳೆದೋ, ಸ್ಟೀಲ್‌ದೋ?"

"ಸ್ಟೀಲು," ಅಂದಿದ್ದಳು.

ಬಾಗಿಲ ಗಂಟೆ ಬಡಿಯಿತು. ಕೆಳಮಹಡಿಯ ದಂತವೈದ್ಯ.

"ಮೇಷ್ಟ್ರೇ, ಡ್ರಿಲ್ ಖಾಲಿ ಇದೆಯಾ?"

"ನಿಮ್ಮ ಹತ್ರಾನೇ ಇದೆಯಲ್ಲ ಡಾಕ್ಟ್ರೇ, ದಿನಾ ಬಳಸ್ತೀರಿ."

"ಅದು ಹಲ್ಲಿಗೆ. ಇದು ಪರದೆ ಕೋಲಿಗೆ. ಎರಡೇ ಎರಡು ತೂತು. ನೋವಾಗಲ್ಲ."

"ಇವತ್ತು ನನಗೇ ಕೆಲಸ ಇದೆ."

ದಂತವೈದ್ಯ ಅವನನ್ನು ನಿಜಕ್ಕೂ ಅಚ್ಚರಿಯಿಂದ ನೋಡಿದ. "ನಿಮಗೇನಾ?" ಎಂದ. "ಸರಿ. ಹಾಗಾದ್ರೆ ನಾಲ್ಕು ಗಂಟೆಗೆ ಬರ್ತೀನಿ."

ಕೆಂಪು ಇನ್ನೂ ಮಿಟುಕುತ್ತಲೇ ಇತ್ತು. ಅವನು ಅದನ್ನು ಅಲ್ಲಿಯೇ ಬಿಟ್ಟು, ಡ್ರಿಲ್ಲಿನಲ್ಲಿದ್ದ ಇನ್ನೊಂದು ಬ್ಯಾಟರಿಯನ್ನೇ ನಂಬಿ ಕೋಣೆಗೆ ಹೋದ. ಚಿಲಕದ ಅಳತೆಗೆ ಬಾಗಿಲು ಮುಚ್ಚಲೇಬೇಕಾಗಿತ್ತು. ಮುಚ್ಚಿದ.

ಆರು ತೂತು. ಬಾಗಿಲಿಗೆ ನಾಲ್ಕು, ಚಿಲಕದ ತುದಿ ಹೊಗುವ ಕೊಳವೆಗೆಂದು ಚೌಕಟ್ಟಿಗೆ ಎರಡು. ಕೊರೆಯುವ ಮೊನೆಗಳಲ್ಲಿ ಬೇಕಾದ ಅಳತೆಯದೊಂದನ್ನು ಬಿಟ್ಟು ಉಳಿದ ಹನ್ನೊಂದೂ ಪೆಟ್ಟಿಗೆಯಲ್ಲಿದ್ದವು. ಇದ್ದುದರಲ್ಲಿ ಹತ್ತಿರದ್ದನ್ನು ಸಿಕ್ಕಿಸಿ, ಗುರುತಿಟ್ಟ ಕಡೆ ಒತ್ತಿ ಹಿಡಿದ. ಡ್ರಿಲ್ಲಿನ ಹೊಟ್ಟೆಯಲ್ಲಿರುವ ಪುಟ್ಟ ದೀಪ ಎಂದಿನಂತೆ, ನೋಡಬೇಕಾದ ಜಾಗಕ್ಕಿಂತ ಒಂದು ಗೇಣು ಕೆಳಗೆ ಬೆಳಕು ಚೆಲ್ಲಿತು. ಅವನು ಹಲ್ಲು ಕಚ್ಚಿದ. ಎದೆಯ ಭಾರವನ್ನೆಲ್ಲ ಹಾಕಿದ. ಹತ್ತು ನಿಮಿಷವಾಯಿತು.

"ಏನೋ ಸುಟ್ಟ ವಾಸನೆ!" ಹೊರಗಿನಿಂದ ಹೆಂಡತಿ.

"ಮರ ಗಟ್ಟಿ ಇದೆ."

"ಅದು ಪ್ಲೈವುಡ್ ಅಲ್ವಾ?"

ಅವನು ಡ್ರಿಲ್ಲನ್ನು ಹಿಂದೆಳೆದು ಮೊನೆಯನ್ನು ನೋಡಿದ. ಆಗಷ್ಟೇ ಕಂಡಿತು: ಡ್ರಿಲ್ಲು ಹಿಂದುಮುಂದಾಗಿ ತಿರುಗುತ್ತಿತ್ತು. ಹಿಂದಿನ ಸಲ ಒಯ್ದವರು ಯಾರೋ ಗುಂಡಿಯನ್ನು ಆ ಕಡೆಗೆ ತಳ್ಳಿ ಕೊಟ್ಟಿದ್ದರು. ಸದ್ದು ಅದೇ, ಮೈ ನಡುಗಿಸುವ ಅದುರು ಅದೇ, ಬೆವರೂ ಅದೇ. ಎಲ್ಲಿಗೂ ಹೋಗುವುದಿಲ್ಲ, ಅಷ್ಟೇ. ಬಾಗಿಲಿನ ಮೇಲೆ ಒಂದು ಕರಿಯ ಬೊಟ್ಟು ನುಣ್ಣಗೆ ಹೊಳೆಯುತ್ತಿತ್ತು. ಇದೆಲ್ಲ ತನಗೆ ಬಹಳ ಹಿಂದಿನಿಂದ ಪರಿಚಯವಿದ್ದಂತೆ ಅನ್ನಿಸಿತು. ಆ ಯೋಚನೆ ಮುಂದುವರಿಯುವ ಮೊದಲೇ ಅವನು ಗುಂಡಿಯನ್ನು ಈ ಕಡೆಗೆ ತಳ್ಳಿದ.

ಆಮೇಲೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಆರೂ ತೂತು ಬಿದ್ದವು. ಸ್ಕ್ರೂ ತಿರುಗಿಸುವ ಮೊನೆ ಸಿಕ್ಕಿಸಿದ ಮೇಲೆ ಐದು ಸ್ಕ್ರೂ ಕೂತವು. ಆರನೆಯ ತೂತು ಚಿಲಕದ ಹಿಡಿಯ ಕೆಳಗೇ ಅಡಗಿತ್ತು. ಹಿಡಿಯನ್ನು ಮುಂದಕ್ಕೆ ಸರಿಸಿದರೆ ಮಾತ್ರ ಕೈಗೆಟುಕುತ್ತಿತ್ತು. ಸರಿಸಿದ. ಚಿಲಕ ಕೊಳವೆಯೊಳಗೆ ಟಕ್ಕೆಂದು ಕೂತಿತು. ಎಷ್ಟು ಚೆನ್ನಾಗಿ ಕೂತಿತೆಂದರೆ ಅವನಿಗೆ ತನ್ನ ಮೇಲೆಯೇ ಪ್ರೀತಿ ಉಕ್ಕಿತು. ಆರನೆಯ ಸ್ಕ್ರೂ ತಿರುಗಿಸಿದ. ಅರ್ಧ ಇಳಿದಾಗ ಡ್ರಿಲ್ಲು ಗೊರ್‌ರ್ ಎಂದು ಒಮ್ಮೆ ಗಂಟಲು ಸರಿಪಡಿಸಿಕೊಂಡು ಕೈಕೊಟ್ಟಿತು. ಪುಟ್ಟ ದೀಪವೂ ಆರಿತು.

ಚಿಲಕವನ್ನು ಹಿಂದಕ್ಕೆಳೆದ. ಅರ್ಧ ಇಂಚು ಮೇಲೆದ್ದು ನಿಂತಿದ್ದ ಸ್ಕ್ರೂವಿನ ತಲೆಗೆ ಹಿಡಿ ಬಡಿದು ನಿಂತಿತು. ಮತ್ತೆ ಎಳೆದ. ಮತ್ತೆ ಬಡಿಯಿತು. ಮೊನೆಯನ್ನು ಕಿತ್ತು ಬೆರಳಲ್ಲಿ ಹಿಡಿದು ತಿರುಗಿಸಿದ. ಬೆರಳಿನ ಚರ್ಮ ತಿರುಗಿತು, ಸ್ಕ್ರೂ ಜಪ್ಪಯ್ಯ ಎನ್ನಲಿಲ್ಲ.

"ಆಯ್ತಾ?" ಹೆಂಡತಿ ಕೇಳಿದಳು.

"ಆಯ್ತು."

"ತೆಗೀರಿ, ನೋಡೋಣ."

"ಅದೇ... ಅದೊಂದು ಬಿಟ್ಟು ಎಲ್ಲ ಆಗಿದೆ."

ಅವನು ವಿವರಿಸಿದ. ಬಾಗಿಲಿನಾಚೆ ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹನ್ನೊಂದು ವರ್ಷ ಸಂಸಾರ ಮಾಡಿದ ಅವನಿಗೆ ಗೊತ್ತಾಗಲಿಲ್ಲ. ಬಾಗಿಲ ಕೆಳಗಿನ ಒಂದು ಬೆರಳಗಲದ ಸಂದಿನಿಂದ ಟೇಬಲ್ ಚಾಕು ಒಳಗೆ ಬಂತು. ಸ್ಕ್ರೂವಿನ ತಲೆಯಲ್ಲಿದ್ದದ್ದು ಪ್ಲಸ್ ಗುರುತು. ಚಾಕು ಜಾರಿತು, ಬಾಗಿತು.

"ಯಾರ ಹತ್ರಾನಾದ್ರೂ ಸ್ಕ್ರೂಡ್ರೈವರ್ ತರ್ತೀನಿ," ಎಂದು ಅವಳು ಹೋದಳು.

ನಾಲ್ಕು ಮಹಡಿ ಹತ್ತಿಳಿದು ಬರಿಗೈಯಲ್ಲಿ ಬಂದಳು.

"ಯಾರ ಹತ್ರಾನೂ ಇಲ್ಲ. ಎಲ್ರೂ ಒಂದೇ ಮಾತು. ಡ್ರಿಲ್ ಮೇಷ್ಟ್ರು ಮನೇಲಿ ಕೇಳಿ ಅಂತಾರೆ."

ಅವನು ಕುರ್ಚಿಯಲ್ಲಿ ಕೂತ. ಎಂಟು ದಿನದಿಂದ ಈ ಕೋಣೆಯಲ್ಲಿ ಏನೇನೋ ಕಲ್ಪಿಸಿಕೊಂಡಿದ್ದ: ಡೈರಿ, ಹಳೆಯ ಪತ್ರಗಳ ಕಟ್ಟು, ಪಿಸುಮಾತಿನ ಫೋನು. ಏನೂ ಇರಲಿಲ್ಲ. ಕುರ್ಚಿ ಗೋಡೆಗೆ ಮುಖ ಮಾಡಿತ್ತು. ಗೋಡೆಯ ಮೇಲೂ ಏನೂ ಇರಲಿಲ್ಲ. ಏನಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಇಲ್ಲಿ ನೀನು ಏನು ಮಾಡ್ತೀಯ?" ಎಂದು ಕೇಳಿಯೇಬಿಟ್ಟ. ಬಾಗಿಲು ಮುಚ್ಚಿದ್ದರಿಂದ ಕೇಳುವುದು ಸುಲಭವಾಗಿತ್ತು.

"ಕೂತ್ಕೊಳ್ತೀನಿ."

"ಅಷ್ಟೇನಾ?"

"ಅಲ್ಲಿ ಯಾರೂ ಇನ್ನೇನು, ಇನ್ನೇನು ಅನ್ನಲ್ಲ."

ಅವನು ಏನೋ ಹೇಳಹೊರಟ. ಅಷ್ಟರಲ್ಲಿ ಅವಳ ದನಿ ದೂರ ಸರಿಯಿತು. "ಹಸಿರು ಬಂತು!"

ಹೆಜ್ಜೆ ಸದ್ದು ಓಡಿ ಹೋಗಿ ಓಡಿ ಬಂತು. ಸಂದಿನ ಹತ್ತಿರ ಏನೋ ಕರಕರ ಉಜ್ಜಿತು. ಸಂದು ಒಂದು ಬೆರಳು. ಬ್ಯಾಟರಿ ನಾಲ್ಕು ಬೆರಳು.

"ಇದು ತುಂಬಿದೆ ಅಂತ ಗ್ಯಾರಂಟಿನಾ?" ಅವನು ಕೇಳಿದ. ಯಾಕೆ ಕೇಳಿದನೋ, ತುಂಬಿದ್ದರೂ ಅದು ಬಾಗಿಲಿನ ಆ ಕಡೆಗಿತ್ತು.

"ತುಂಬಿದೆ. ಮೂರೂ ಚುಕ್ಕಿ ಉರೀತಿದೆ."

"ಯಾವ ಚುಕ್ಕಿ?"

"ಇದರ ಬೆನ್ನ ಮೇಲೆ ಗುಂಡಿ ಇದೆಯಲ್ಲ. ಒತ್ತಿದ್ರೆ ಎಷ್ಟು ಚಾರ್ಜ್ ಇದೆ ಅಂತ ಚುಕ್ಕಿ ಬರುತ್ತೆ."

ಅವನು ತೊಡೆಯ ಮೇಲಿದ್ದ ಸತ್ತ ಬ್ಯಾಟರಿಯನ್ನು ತಿರುಗಿಸಿ ನೋಡಿದ. ಗುಂಡಿ ಇತ್ತು.

"ನಿನಗೆ ಯಾವಾಗಿಂದ ಗೊತ್ತು?"

"ತಂದ ದಿನದಿಂದ."

"ಹೇಳಲೇ ಇಲ್ಲ?"

"ನೀವು ಕೇಳಲೇ ಇಲ್ಲ."

ಬಾಗಿಲ ಗಂಟೆ ಬಡಿಯಿತು. ನಾಲ್ಕು ಗಂಟೆ. ದಂತವೈದ್ಯನ ಚಪ್ಪಲಿ ಹಜಾರದಲ್ಲಿ ಸದ್ದು ಮಾಡಿತು.

"ಡ್ರಿಲ್ ಇದೆಯಾ ಅಮ್ಮ?"

"ಇದೆ. ಒಳಗಿದೆ."

"ಮತ್ತೆ ಮೇಷ್ಟ್ರು?"

ಅವಳು ಹೇಳಿದಳು: "ಅದರ ಜೊತೆ."

"ಓ." ದಂತವೈದ್ಯ ಬಾಗಿಲಿಗೆ ಬೆರಳಿಂದ ಎರಡು ಸಲ ತಟ್ಟಿದ, ಹುಳುಕು ಹಲ್ಲಿಗೆ ತಟ್ಟುವ ಹಾಗೆ. "ಮೇಷ್ಟ್ರೇ, ಅವಸರ ಇಲ್ಲ. ಇನ್ನೂ ಎಷ್ಟು ಹೊತ್ತಾಗ್ಬಹುದು?"

"ಇನ್ನೇನು" ಎಂಬ ಮಾತು ಅವನ ತುಟಿಯವರೆಗೆ ಬಂತು. ಅವನು ಅದನ್ನು ನುಂಗಿದ. ಕುರ್ಚಿಯಿಂದಿಳಿದು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಸಂದಿನಿಂದ ನೋಡಿದ.

ಅವಳು ಆಗಷ್ಟೇ ಮತ್ತೆ ಗುಂಡಿ ಒತ್ತಿರಬೇಕು; ಬೆರಳಗಲದ ಬೆಳಕಿನಲ್ಲಿ ಮೂರು ಹಸಿರು ಚುಕ್ಕಿಗಳು ಉರಿಯುತ್ತಿದ್ದವು, ಬೇರೆ ಊರಿನ ದೀಪಗಳಂತೆ. ಅವುಗಳಾಚೆ ಹೆಂಡತಿಯ ಬರಿಗಾಲು, ಅದರಾಚೆ ಒಂದು ಜೊತೆ ಚಪ್ಪಲಿ. ಐದು ಎಣಿಸುವಷ್ಟರಲ್ಲಿ ಚುಕ್ಕಿಗಳು ಆರಿದವು. ಯಾರಾದರೂ ಒತ್ತಿದರೆ ಮತ್ತೆ ಬರುತ್ತವೆ ಎಂದು ಈಗ ಅವನಿಗೆ ಗೊತ್ತಿತ್ತು.

ಅವನು ಕಾದ. ಮೊದಲು ಚಪ್ಪಲಿ ಹೋಯಿತು, ಮುಂಬಾಗಿಲು ಮುಚ್ಚಿಕೊಂಡಿತು. ಆಮೇಲೆ, ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಉಜ್ಜಿಕೊಂಡು, ಬರಿಗಾಲೂ ಹೊರಟಿತು. ಹಜಾರದಲ್ಲಿ ಅವಳು ಕುರ್ಚಿ ಎಳೆದು ಕೂತ ಸದ್ದಾಯಿತು.